ಎಲ್ಲರಿಗೂ ಎದುರಾಗಿ ಕೆರೆಯ ಒಂದು ಸುತ್ತು

ನಿಂಬರ್ಗಾದಿಂದ ಬೊಂಬಾಯಿವರೆಗೆ

ಇಂಗ್ಲೆಂಡಿಗೆ ಹೋಗಿ ಬಂದಾಗಿನಿಂದ ನಮ್ಮ ಓಣಿಯ ಹೆಂಗಸರು ನನ್ನನ್ನು ಕೂರಿಸಿಕೊಂಡು ವಿಮಾನದ ಸುದ್ದಿ ಕೇಳುತ್ತಾರೆ. ಮೋಡ ಹೇಗಿದ್ದವು, ಮೇಲಿನಿಂದ ಸಮುದ್ರ ಹೇಗೆ ಕಾಣುತ್ತದೆ ಎಂದು. ಏನು ಹೇಳಲಿ? ವಿಮಾನ ಏಳುವಾಗ ಮುಚ್ಚಿದ ಕಣ್ಣನ್ನು ನಾನು ತೆರೆದದ್ದು ಅದು ನೆಲ ಮುಟ್ಟಿದ ಮೇಲೆ. ನಡುವೆ ಊಟ ಬಂದಾಗ ಒಮ್ಮೆ ಅರ್ಧ ಕಣ್ಣು ಬಿಟ್ಟಿದ್ದೆ. ತಟ್ಟೆಯಲ್ಲಿದ್ದುದನ್ನು ನೋಡಿ ಮತ್ತೆ ಮುಚ್ಚಿಕೊಂಡೆ. ಮೋಡದ ಸುದ್ದಿ ಬೇಕಾದವರು ಬೇರೆ ಯಾರನ್ನಾದರೂ ಕೇಳಿರಿ. ನನ್ನ ಹತ್ತಿರ ಇರುವುದು ಒಂದು ಕೆರೆಯ ಸುದ್ದಿ ಮತ್ತು ನನ್ನ ಮೊಮ್ಮಗಳ ಸುದ್ದಿ. ಮೊಮ್ಮಗಳದನ್ನಂತೂ ನೀವು ಕೇಳದಿದ್ದರೂ ಹೇಳುವವಳೇ.

ನನ್ನ ಹೆಸರು ಸುಗಲಾಬಾಯಿ. ಊರು ಆಳಂದ ತಾಲೂಕಿನ ನಿಂಬರ್ಗಾ. ಶಾಲೆ ಕಲಿತದ್ದು ಮೂರನೆಯ ಇಯತ್ತೆ. ನಾಲ್ಕಕ್ಕೆ ಹೋಗುವಷ್ಟರಲ್ಲಿ ಹೊಲದಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ಮಗಳು ಜಗದೇವಿ ಮಾತ್ರ ಛಲ ಹಿಡಿದು ಕಲಿತು ನರ್ಸ್ ಆದಳು, ಜೇವರ್ಗಿಯ ಡಾಕ್ಟರೊಬ್ಬನನ್ನು ಮದುವೆಯಾದಳು. ಗಂಡ ಹೆಂಡತಿ ಇಬ್ಬರಿಗೂ ಇಂಗ್ಲೆಂಡಿನ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಆ ಊರಿನ ಹೆಸರು, ಅಲ್ಲಿ ಮೂರು ತಿಂಗಳಿದ್ದರೂ, ನನ್ನ ನಾಲಿಗೆಗೆ ಹತ್ತಲಿಲ್ಲ. ಅದಕ್ಕೆ ಇಲ್ಲಿ ಬರೆದಿಲ್ಲ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಮಗಳು ಬರುವಂತಿಲ್ಲ ಎಂದ ಮೇಲೆ ತವರೇ ಎದ್ದು ಹೋಗುವುದೆಂದು ಠರಾಯಿಸಿ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೆವು. ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗ ತಾರು ಬಂತು. ಆಗ ನಮ್ಮ ಕಡೆ ತಾರು ಎಂದರೆ ಯಾರೋ ಸತ್ತರು ಎಂದೇ ಅರ್ಥ. ಪೋಸ್ಟಿನವನು ಅದನ್ನು ಬಿಡಿಸುವ ಮೊದಲೇ ನಾನು ಅಂಗಳದಲ್ಲಿ ಕುಳಿತು ಅಳಲು ಶುರು ಮಾಡಿದ್ದೆ. ಹೆಣ್ಣು ಮಗು ಹುಟ್ಟಿದೆ, ಏಳೇ ತಿಂಗಳಿಗೆ ಬಂದಿದೆ, ಜಲ್ದಿ ಬಾ ಎಂದು ಅವನು ಓದಿ ಹೇಳಿದ. ಅಳು ನಿಲ್ಲಿಸಿ ನಗಬೇಕೋ ಬೇಡವೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ. ಪೋಸ್ಟಿನವನು ಹೆದರಿ ಚಹಾ ಕುಡಿಯದೇ ಹೋದ.

ಹೊರಡುವ ದಿನ ಜೇವರ್ಗಿಯಿಂದ ಬೀಗತಿ ಚಂದಮ್ಮನವರೂ ಟ್ರಂಕಿನೊಂದಿಗೆ ಬಂದಿಳಿದರು. ಅಳಿಯನ ತಾಯಿ.

"ನೀವ್ಯಾಕ ತ್ರಾಸ ತಗೋತೀರಿ ಬೀಗರ? ಬಾಣಂತನ ತವರಮನಿಯವರದಲ್ಲೇನ್ರಿ?" ಎಂದೆ.

"ಬಾಣಂತನ ನೀವೇ ಮಾಡ್ರಿ, ಬ್ಯಾಡಂದವರ‍್ಯಾರು? ಕೂಸು ನಮ್ಮ ಮನೀದು. ನಾ ಕೂಸಿನ ನೋಡಾಕ ಹೊಂಟೇನಿ," ಎಂದು ಅವರು ಟ್ರಂಕಿನ ಮೇಲೆಯೇ ಕುಳಿತರು.

ಹೀಗೆ ಸೊಲ್ಲಾಪುರದವರೆಗೆ ಬಸ್ಸಿನಲ್ಲಿ, ಬೊಂಬಾಯಿವರೆಗೆ ರೈಲಿನಲ್ಲಿ, ಮುಂದೆ ಮೋಡದ ಮೇಲೆ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಇಬ್ಬರೂ ಹೋದೆವು. ಲಂಡನ್ನಿನಲ್ಲಿ ಸಾಮಾನು ತಪಾಸಣೆ ಮಾಡುವವನು ನನ್ನ ಗಂಟು ಬಿಚ್ಚಿ ಖಡಕ್ ರೊಟ್ಟಿ ತೆಗೆದ. ಬೆರಳಿನಿಂದ ಬಡಿದು ನೋಡಿದ. ಠಣ್ ಠಣ್ ಎಂದಿತು. ಇದೇನು ಎಂದು ಕೈಸನ್ನೆ ಮಾಡಿದ. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ನನ್ನ ಹಲ್ಲುಗಳಿಗೆ ನಮಸ್ಕಾರ ಮಾಡುವವನಂತೆ ತಲೆ ಬಾಗಿಸಿ ಬಿಟ್ಟುಬಿಟ್ಟ.

ಗಾಜಿನ ಪೆಟ್ಟಿಗೆ

ದವಾಖಾನೆಯ ಆ ಕೋಣೆಗೆ ಕಾಲಿಟ್ಟಾಗ ನಾನು ಹುಡುಕಿದ್ದು ತೊಟ್ಟಿಲನ್ನು. ಮಗಳು ತೋರಿಸಿದ್ದು ಒಂದು ಗಾಜಿನ ಪೆಟ್ಟಿಗೆ. ನಮ್ಮ ಆಳಂದದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಢೆ ಇಡುತ್ತಾರಲ್ಲ, ಅಂಥದು. ಒಳಗೆ ನಳಿಕೆಗಳ ನಡುವೆ ಒಂದು ಸಣ್ಣ ಜೀವ. ಉಗುರುಗಳು ಸಾಸಿವೆ ಕಾಳಿನಷ್ಟು. ನನ್ನ ಹೆಬ್ಬೆರಳೇ ಅದರ ತೋಳಿಗಿಂತ ದಪ್ಪ. ನಾನು ಐದು ಹೆತ್ತವಳು, ಊರಿನಲ್ಲಿ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು. ಅಲ್ಲಿ ಕೈ ಎಲ್ಲಿ ಇಡಬೇಕೆಂದೇ ತಿಳಿಯದೆ ಸೆರಗಿನೊಳಗೆ ಅಡಗಿಸಿಕೊಂಡೆ.

"ಮೂಗು ನಮ್ಮ ಮನೀದು," ಎಂದರು ಚಂದಮ್ಮ.

"ಮೂಗೆಲ್ಲಿ ಕಾಣಸ್ತದ್ರಿ? ನಳಿಗಿ ಅದ."

"ನಳಿಗಿ ಹಿಂದ ಇರೂದು ನಮ್ಮ ಮೂಗೇ."

ಆ ದವಾಖಾನೆಯಲ್ಲಿ ಅಂಥ ಪೆಟ್ಟಿಗೆಗಳು ಎರಡೇ ಇದ್ದವು. ಒಂದರಲ್ಲಿ ನಮ್ಮವಳು, ಇನ್ನೊಂದರಲ್ಲಿ ಯಾರದೋ ಗಂಡು ಕೂಸು. ನಾವು ಹೋದ ಮೂರನೆಯ ದಿನ ಮತ್ತೊಂದು ಕೂಸು ಅವಸರ ಮಾಡಿ ಹುಟ್ಟಿತು. ಪೆಟ್ಟಿಗೆ ಖಾಲಿ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ಗಾಡಿಯಲ್ಲಿ ಹಾಕಿ, ದೂರದ ದೊಡ್ಡ ಊರಿಗೆ ಕಳಿಸಿದರು. ತಾಯಿ ಇಲ್ಲಿ, ಕೂಸು ಅಲ್ಲಿ. ಅದರ ಅಪ್ಪ ಹೊರಡುವ ಮೊದಲು ಬಾಗಿಲಲ್ಲಿ ನಿಂತು ನಮ್ಮ ಪೆಟ್ಟಿಗೆಯನ್ನು ಒಮ್ಮೆ ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ನೋಡಿದ್ದರೆ ನಾನೂ ಜಗಳ ತೆಗೆಯಬಹುದಿತ್ತು.

ನಾನು ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವಳು. ಆಳಂದ ಸ್ಟ್ಯಾಂಡಿನಲ್ಲಿ ನನ್ನ ಟವೆಲ್ಲಿಗೆ ಹೆಸರಿದೆ. ಹಾಗೆ ಹಿಡಿದ ಸೀಟಿನಲ್ಲಿ ಕುಳಿತು, ನಿಂತವರ ಮುಖ ನೋಡದೆ ಕಿಟಕಿಯ ಹೊರಗೆ ನೋಡುವ ಕಲೆಯೂ ಗೊತ್ತು. ಅಂದು ಮಾತ್ರ ಆ ಕಲೆ ಬರಲಿಲ್ಲ.

ಕೂಸು ದಾರಿಯಲ್ಲಿ ಉಳಿಯಿತು, ದೊಡ್ಡ ಊರಿನಲ್ಲಿ ಆರಾಮವಾಗಿದೆ ಎಂದು ಮರುದಿನ ಸುದ್ದಿ ಬಂತು. ಆದರೆ ಜಗದೇವಿಗೆ ಸಮಾಧಾನ ಇರಲಿಲ್ಲ. "ಈ ಸಲ ಉಳೀತು ಅವ್ವಾ. ಎಲ್ಲಾ ಸಲ ಹಂಗಾಗೂದಿಲ್ಲ. ಮೂರನೇದು ಪೆಟಗಿ ಬೇಕೇ ಬೇಕು," ಎಂದಳು. ಅವಳು ಕೆಲಸ ಮಾಡುವುದು ಅದೇ ಕೋಣೆಯಲ್ಲಿ. ಗಾಡಿ ಹತ್ತಿಸಿ ಕಳಿಸಿದ ಕೂಸುಗಳ ಲೆಕ್ಕ ಅವಳ ಕಣ್ಣಲ್ಲೇ ಇತ್ತು.

ನಡೆಯುವವರು, ಕೊಡುವವರು

ಮೂರನೆಯ ಪೆಟ್ಟಿಗೆಗಾಗಿ ಊರಿನವರು ಊರ ಹೊರಗಿನ ಕೆರೆಯ ಸುತ್ತ ಒಂಬತ್ತು ಮೈಲು ನಡೆಯುವವರಿದ್ದರು. ಜಗದೇವಿ ಬಸುರಿಯಾಗುವ ಮೊದಲೇ ತನ್ನ ಹೆಸರು ಹಚ್ಚಿದ್ದಳು. ಅವಳ ಹೆಸರಿನ ಕೆಳಗೆ ದವಾಖಾನೆಯವರು, ಪೇಟೆಯವರು, ಹಾಲಿನವನು, ಎಲ್ಲರೂ ಬರೆದು ಯಾದಿ ಗೋಡೆಯಿಂದ ನೆಲದವರೆಗೆ ಇಳಿದಿತ್ತು. ನನಗೆ ಇದರ ತಲೆ ಬುಡ ತಿಳಿಯಲಿಲ್ಲ.

"ನೋಡವ್ವಾ, ಇಲ್ಲಿ ಮಂದಿ ಒಂದು ಕಷ್ಟದ ಕೆಲಸ ಮಾಡ್ತೇನಿ ಅಂತಾರ. ನೀ ಪೂರಾ ಮಾಡಿದ್ರ ನಾವಿಷ್ಟು ಕೊಡ್ತೇವಿ ಅಂತ ಗುರ್ತಿನವರು ಬರೀತಾರ. ಅದು ದವಾಖಾನಿಗಿ ಹೋಗ್ತದ."

"ಕೊಡೋರು ಹಂಗೇ ಕೊಡಬಾರದೇನು? ನಡಿಯೂದ್ಯಾಕ?"

"ನಡದವರ ಕಾಲು ನೋಯ್ತದಲ್ಲ, ಅದನ್ನ ನೋಡಿ ಕೊಡೋರ ಕೈ ಬಿಚ್ಚತದ."

"ಅಯ್ಯ, ನಿಮ್ಮಪ್ಪನ ಕೂಡ ಮೂವತ್ತು ವರ್ಷ ಸಂಸಾರ ಮಾಡೇನಿ, ನನಗ ಒಬ್ಬರೂ ಯಾದಿ ಬರೀಲಿಲ್ಲಲ್ಲ ಬೇ!"

ಆ ಊರಿನಲ್ಲಿ ಆಗ ಇಂಥ ಕಷ್ಟಗಳದೇ ಸುಗ್ಗಿ. ಪೇಟೆಯ ನಡುವೆ ಒಬ್ಬ ತಣ್ಣನೆಯ ಗಂಜಿ ತುಂಬಿದ ತೊಟ್ಟಿಯಲ್ಲಿ ಸಂಜೆಯವರೆಗೆ ಕುಳಿತಿದ್ದ. ಅಳಿಯನ ಜೊತೆಯ ಡಾಕ್ಟರೊಬ್ಬ ಇಪ್ಪತ್ತು ವರ್ಷ ಸಾಕಿದ ಮೀಸೆಯನ್ನು ಬೋಳಿಸಿಕೊಂಡು ಬಂದ. ನಮ್ಮ ಕಡೆ ಮೀಸೆ ತೆಗೆಯುವುದು ತಂದೆ ತಾಯಿ ತೀರಿಕೊಂಡಾಗ. ನಾನು ಹೋಗಿ ಅವನ ಎರಡೂ ಕೈ ಹಿಡಿದು, "ಹುಟ್ಟಿದವರು ಹೋಗೂದೇ ತಮ್ಮಾ, ಧೈರ್ಯ ತಗೋ," ಎಂದು ಕಣ್ಣೀರು ಹಾಕಿದೆ. ಪಾಪ, ನಗುತ್ತಿದ್ದವನು ಅವನೂ ಮುಖ ಸಣ್ಣದು ಮಾಡಿಕೊಂಡ. ಪೆಟ್ಟಿಗೆಗಾಗಿ ಬೋಳಿಸಿಕೊಂಡದ್ದು ಎಂದು ಅಳಿಯ ಆಮೇಲೆ ಹೇಳಿದ.

ಇತ್ತ ಜಗದೇವಿ ಹಸಿ ಬಾಣಂತಿ. ಒಂಬತ್ತು ಮೈಲು ಎಲ್ಲಿ ನಡೆದಾಳು? ಅವಳು ನಡೆಯದಿದ್ದರೆ ಆ ಉದ್ದದ ಯಾದಿ ಹೋಯಿತು. ಅದು ಹೋದರೆ ಮೂರನೆಯ ಪೆಟ್ಟಿಗೆ ಈ ವರ್ಷ ಬಾರದು. ಮಗಳು ರಾತ್ರಿ ಊಟ ಬಿಟ್ಟು ಕುಳಿತದ್ದು ನೋಡಲಾಗದೆ ನಾನು ಬಾಯಿ ಬಿಟ್ಟೆ.

"ನಾ ನಡೀತೇನಿ. ಪ್ರತಿ ವರ್ಷ ಗಾಣಗಾಪುರಕ್ಕ ಬರಿಗಾಲಲ್ಲಿ ನಡದು ಹೋಗಾಕಿ ನಾ. ಒಂಬತ್ತು ಮೈಲು ಅಂದ್ರ ಹೊಲಕ್ಕ ಬುತ್ತಿ ಒಯ್ದಂಗ."

ಖರೆ ಹೇಳಬೇಕೆಂದರೆ ಗಾಣಗಾಪುರಕ್ಕೆ ಕಡೆಯ ಸಲ ನಡೆದು ಹೋಗಿ ಹನ್ನೊಂದು ವರ್ಷವಾಗಿತ್ತು. ಆಮೇಲೆಲ್ಲ ಟೆಂಪೋ. ಅದನ್ನು ಹೇಳಲಿಲ್ಲ.

ಚಂದಮ್ಮ ಸುಮ್ಮನಿರುತ್ತಾರೆಯೆ? "ನಿಮ್ಮ ಆಳಂದದವರಿಗಷ್ಟೇ ಕಾಲು ಅವ ಏನ್ರಿ? ಜೇವರ್ಗಿಯವರೇನು ತೆವಳಕೋತ ಬಂದೇವೇನು? ನಂದೂ ಹೆಸರು ಹಚ್ಚು ಜಗದೇವಿ."

ಜಗದೇವಿಯ ಬದಲು ಅವಳ ತಾಯಿ ನಡೆದರೂ ಆದೀತು, ಆದರೆ ಪೂರ್ತಿ ಸುತ್ತು ಆಗಬೇಕು, ಕಾರ್ಡಿನಲ್ಲಿ ಆರೂ ಶಿಕ್ಕಾ ಬೀಳಬೇಕು ಎಂದು ದವಾಖಾನೆಯವರು ಒಪ್ಪಿದರು. ಕೆರೆಯ ಸುತ್ತ ಆರು ಕಡೆ ಡೇರೆ ಹಾಕಿ ಮೇಜಿಟ್ಟುಕೊಂಡು ಕುಳಿತಿರುತ್ತಾರೆ, ಪ್ರತಿಯೊಂದರ ಹತ್ತಿರ ಕಾರ್ಡು ಕೊಟ್ಟರೆ ಶಿಕ್ಕಾ ಒತ್ತುತ್ತಾರೆ ಎಂದು ಮಗಳು ಹತ್ತು ಸಲ ಹೇಳಿಕೊಟ್ಟಳು. ಒಂದನ್ನು ಮಾತ್ರ ಹೇಳಲಿಲ್ಲ. ಹೇಳಬೇಕು ಎಂದು ಅವಳಿಗೆ ಹೊಳೆಯಲೂ ಇಲ್ಲ.

ಆರನೆಯ ಡೇರೆ

ಭಾನುವಾರ ಪಕ್ಕದ ಮನೆಯವರು ಕಾರಿನಲ್ಲಿ ನಮ್ಮಿಬ್ಬರನ್ನೂ ಕೆರೆಗೆ ಬಿಟ್ಟರು. ಮಗಳು ಕೂಸಿನ ಹತ್ತಿರ, ಅಳಿಯ ಡ್ಯೂಟಿಯಲ್ಲಿ. ಮಾತು ತಿಳಿಸುವವರು ಯಾರೂ ಜೊತೆಗಿಲ್ಲ. ನನ್ನ ವೇಷ ಹೇಳುತ್ತೇನೆ, ನಗಬೇಡಿರಿ: ಇಳಕಲ್ ಸೀರೆ, ಅದರ ಮೇಲೆ ಅಳಿಯನ ಕೋಟು, ತಲೆಗೆ ಉಣ್ಣೆ ಟೋಪಿ, ಕಾಲಿಗೆ ಮಗಳ ಕ್ಯಾನ್ವಾಸ್ ಬೂಟು. ಹರಕೆಯ ನಡಿಗೆಗೆ ಬೂಟು ಹಾಕುವುದುಂಟೆ ಎಂದು ಅವುಗಳನ್ನು ಬಿಚ್ಚಿ, ದಾರ ಕಟ್ಟಿ, ಕೊರಳಿಗೆ ತೂಗುಹಾಕಿಕೊಂಡೆ. ನೆಲ ಹಿಮದ ಗಡ್ಡೆ. ಕಾಲು ಮೈಲು ಹೋಗುವಷ್ಟರಲ್ಲಿ ಭಕ್ತಿ ಇಳಿಯಿತು. ಆಚೀಚೆ ನೋಡಿ, ದೇವರಿಗೆ ಬೇರೆ ಕೆಲಸ ಇರಬಹುದೆಂದುಕೊಂಡು ಹಾಕಿಕೊಂಡೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ಅದಕ್ಕಿಂತ ಮೊದಲು ನಡೆದದ್ದು ಹೇಳಬೇಕು. ಬಿಳಿ ಮೀಸೆಯ ಮುದುಕನೊಬ್ಬ ಸೀಟಿ ಊದಿದ. ನೂರಾರು ಮಂದಿ, ಚಂದಮ್ಮನೂ ಅವರ ನಡುವೆ, ದಬದಬ ಬಲಗಡೆಗೆ ಹೊರಟರು. ನಾನೂ ಎರಡು ಹೆಜ್ಜೆ ಇಟ್ಟೆ, ನಿಂತೆ. ಆ ಕಡೆ ಹೋದರೆ ಕೆರೆ ನನ್ನ ಎಡಕ್ಕೆ ಬರುತ್ತದೆ! ಗುಡಿ ಇರಲಿ, ಅರಳಿ ಮರ ಇರಲಿ, ಹೊಲದಲ್ಲಿ ಪೂಜೆ ಮಾಡಿದ ರಾಶಿಯೇ ಇರಲಿ, ನಾವು ಸುತ್ತುವುದು ಅದನ್ನು ಬಲಕ್ಕೆ ಇಟ್ಟುಕೊಂಡು. ಎಡಸುತ್ತು ಮಸಣದ ಸುತ್ತು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಕೂಸು ಗಾಜಿನೊಳಗೆ ಉಸಿರಿಗಾಗಿ ಒದ್ದಾಡುತ್ತಿರುವಾಗ, ಅದರ ಹೆಸರಿನಲ್ಲಿ ನಾನು ಎಡಸುತ್ತು ಹಾಕಲೆ? ಈ ಮಂದಿಗೆ ಗೊತ್ತಿಲ್ಲ, ಪಾಪ. ನನಗೆ ಗೊತ್ತಿದೆಯಲ್ಲ. ಸುತ್ತು ಸುತ್ತೇ, ಯಾವ ಕಡೆಯಿಂದ ಹಾಕಿದರೂ ಒಂಬತ್ತು ಮೈಲೇ. ನಾನು ಎಡಗಡೆಗೆ ತಿರುಗಿ, ಕೆರೆಯನ್ನು ಬಲಕ್ಕೆ ಇಟ್ಟುಕೊಂಡು ಹೊರಟೆ.

ಮೊದಲು ಸಿಕ್ಕಿದ್ದು ಆರನೆಯ ಡೇರೆ. ಅಲ್ಲಿಯವನು ಇನ್ನೂ ಗೂಟ ಬಡಿಯುತ್ತಿದ್ದ. ಸಂಜೆ ಬರಬೇಕಾದವಳು ಬೆಳಗಿಗೇ ಬಂದದ್ದನ್ನು ಕಂಡು ಸುತ್ತಿಗೆ ಕೆಳಗಿಟ್ಟ. ನಾನು ಕಾರ್ಡು ಚಾಚಿದೆ. ಅವನು ನನ್ನ ಹೆಗಲು ಹಿಡಿದು ಮೆಲ್ಲಗೆ ಬಂದ ದಾರಿಗೇ ತಿರುಗಿಸಿದ. ನಾನು ತಿರುಗಿ ಮತ್ತೆ ಕಾರ್ಡು ಚಾಚಿದೆ. ಅವನು ಮತ್ತೆ ತಿರುಗಿಸಿದ. ಬೀಸುವ ಕಲ್ಲಿನಂತೆ ಮೂರು ಸಲ ತಿರುಗಿದ ಮೇಲೆ ಅವನಿಗೇ ತಲೆ ಸುತ್ತಿರಬೇಕು, ಶಿಕ್ಕಾ ಒತ್ತಿಬಿಟ್ಟ. ಐದನೆಯದರಲ್ಲಿದ್ದವಳು ಚಹಾ ಕೊಟ್ಟು ಒತ್ತಿದಳು.

ಆಮೇಲೆ ಎದುರಿನಿಂದ ಊರಿಗೆ ಊರೇ ಬಂತು. ಮುಂದೆ ಚಡ್ಡಿ ಹಾಕಿದ ಗಟ್ಟಿಗರು, ಹಿಂದೆ ಸಂಸಾರವಂದಿಗರು, ಕೋಲೂರಿದವರು, ಮೀಸೆ ಬೋಳಿಸಿದ ಡಾಕ್ಟರು. ಎಲ್ಲರೂ ಹಿಂದಕ್ಕೆ ಕೈ ತೋರಿಸಿ ಕೂಗಿದರು. ನಾನು ಎಲ್ಲರಿಗೂ ಕೈಮುಗಿದೆ. ನಮ್ಮ ಕಡೆ ಪಾದಯಾತ್ರೆಯಲ್ಲಿ ಎದುರು ಬಂದವರಿಗೆ ಶರಣು ಎನ್ನದೆ ಮುಂದೆ ಹೋಗುವಂತಿಲ್ಲ. ನೂರಾರು ಶರಣು ಹೇಳುವಷ್ಟರಲ್ಲಿ ಕಾಲಿಗಿಂತ ತೋಳು ಹೆಚ್ಚು ಸೋತವು. ನಾಲ್ಕನೆಯ ಡೇರೆ ಸೇರಿದಾಗ ನಡುಮಧ್ಯಾಹ್ನ ದಾಟಿತ್ತು. ಅಲ್ಲಿಯವನು ಒಬ್ಬನೇ ಕುಳಿತು, ಇನ್ನೂ ಬಾರದ ನಡಿಗೆಯವರಿಗೆ ಕಾಯುತ್ತಿದ್ದ. ನನ್ನನ್ನು ನೋಡಿ ನಕ್ಕು ಒತ್ತಿದ.

ಸೇತುವೆ

ಅದಾದ ಮೇಲೆ ಒಂದು ಕಲ್ಲಿನ ಸೇತುವೆ. ಅದರ ಮೇಲೆ ಎದುರಿನಿಂದ, ಎಲ್ಲರಿಗಿಂತ ಕಡೆಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮ ಬೀಗತಿ ಬಂದರು.

"ಎಲ್ಲಿಗಿ ಹೊಂಟೀರಿ ಬೀಗರ? ಜೇವರ್ಗಿಗೇನು?" ಎಂದು ನಾನೇ ಮೊದಲು ಕೇಳಿದೆ.

"ನೀವೆಲ್ಲಿಗಿ ಹೊಂಟೀರಿ ಉಲ್ಟಾ?"

"ಉಲ್ಟಾ ನೀವು. ಊರೇ ಉಲ್ಟಾ ಹೊಂಟದ. ಕೂಸು ಪೆಟಗಿಯೊಳಗ ಇದ್ದಾಗ ಎಡಸುತ್ತು ಹಾಕ್ತಾರೇನ್ರಿ ಯಾರರ?"

ಚಂದಮ್ಮನವರ ಮುಖ ಇಳಿಯಿತು. ತಾವು ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡಿದರು. "ಅಯ್ಯ ಶಿವನೇ! ನನಗ ಹೊಳೀಲೇ ಇಲ್ಲಲ್ಲ ಬೇ ಸುಗಲಾ! ಈಗ ತಿರಗಲೇನು?"

ಮಕ್ಕಳ ಮದುವೆಯಾದ ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಸಲಿಗೆಯಿಂದ ಬೇ ಎಂದದ್ದು ಅದೇ ಮೊದಲು.

"ತಿರುಗಬ್ಯಾಡ. ಅರ್ಧಕ್ಕ ಬಿಟ್ಟಂಗಾಗ್ತದ."

ಅವರು ಸೇತುವೆಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು. "ಕೂಸಿಗಿ ದೃಷ್ಟಿ ತೆಗಿಯೂ ಮುಂದ ಒಮ್ಮಿ ಈ ಕಡಿ, ಒಮ್ಮಿ ಆ ಕಡಿ ನಿವಾಳಸ್ತೇವಲ್ಲ? ನಂದು ಈ ಕಡಿ, ನಿಂದು ಆ ಕಡಿ. ಬರೋಬ್ಬರಿ ಆಯ್ತು ತಗೋ."

ಅಷ್ಟು ದೊಡ್ಡ ಕೆರೆಯ ಸುತ್ತ, ಇಬ್ಬರು ಮುದುಕಿಯರು ಒಂದು ಕೂಸಿನ ದೃಷ್ಟಿ ತೆಗೆದಂತಾಯಿತು ಎಂದುಕೊಂಡು ಇಬ್ಬರಿಗೂ ಹುಮ್ಮಸ್ಸು ಬಂತು. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕುಳಿತೆವು. ಕೆರೆಯಲ್ಲಿ ಬೆಳ್ಳಗೆ ಹಂಸ ತೇಲುತ್ತಿತ್ತು. ಹಂಸ ಹಾಲು ನೀರು ಬೇರೆ ಮಾಡುತ್ತದೆ ಎಂದು ಪುರಾಣದಲ್ಲಿ ಕೇಳಿದ್ದೆ. ಇದು ದಂಡೆಗೆ ಹತ್ತಿ ಬಂದು, ನಾಗರ ಹಾವಿನ ಹಾಗೆ ಬುಸ್ ಎಂದು, ನನ್ನ ಕೈಯ ರೊಟ್ಟಿ ಕಿತ್ತುಕೊಂಡಿತು. ನಾವು ಊಟವನ್ನು ನಿಂತುಕೊಂಡು ಮುಗಿಸಿ, ಅವರು ಆ ಕಡೆ, ನಾನು ಈ ಕಡೆ ಹೊರಟೆವು.

ಬಿಳಿ ಗಾಡಿ

ಸೇತುವೆ ಇಳಿಯುವಷ್ಟರಲ್ಲಿ ಒಂದು ಬಿಳಿ ಗಾಡಿ ಎದುರಿಗೆ ಬಂತು. ಅದರೊಳಗೆ ಮಡಚಿದ ಮೇಜು, ಸುತ್ತಿದ ಡೇರೆ. ಆಗ ನನಗೆ ಹೊಳೆಯಿತು. ಕಡೆಯ ನಡಿಗೆಯವರು ದಾಟಿದ ಕೂಡಲೇ ಡೇರೆ ಕಿತ್ತು ಗಾಡಿಗೆ ತುಂಬುತ್ತಾ ಬರುತ್ತಿದ್ದಾರೆ. ಕಡೆಯವರು ಯಾರು? ನಮ್ಮ ಬೀಗತಿ. ಅವರು ದಾಟಿ ಬಂದ ಒಂದು, ಎರಡು, ಮೂರನೆಯ ಡೇರೆಗಳೆಲ್ಲ ಈ ಗಾಡಿಯೊಳಗಿವೆ. ನನ್ನ ಮುಂದೆ ಉಳಿದದ್ದು ಬರೀ ದಾರಿ. ಶಿಕ್ಕಾ ಒತ್ತುವವರು ಯಾರೂ ಇಲ್ಲ. ದೇವರನ್ನು ಒಲಿಸಹೋಗಿ ದವಾಖಾನೆಯ ಯಾದಿಯನ್ನೇ ಕೆರೆಗೆ ಹಾಕಿದೆನಲ್ಲ!

ಗಾಡಿಯವನು ಇಳಿದು ಬಾಗಿಲು ತೆರೆದು, ಒಳಗೆ ಬಾ ಎಂದು ಸೀಟು ತಟ್ಟಿದ. ಪಾಪ, ಒಳ್ಳೆಯ ಮನಸ್ಸಿನವನು. ದಾರಿ ತಪ್ಪಿದ ಮುದುಕಿ ಎಂದುಕೊಂಡಿದ್ದ. ಒಳಗಿನಿಂದ ಬಿಸಿ ಗಾಳಿ ಬರುತ್ತಿತ್ತು. ನನ್ನ ಮೊಣಕಾಲುಗಳು, ಸುಳ್ಳು ಹೇಳುವುದಿಲ್ಲ, ನನ್ನನ್ನು ಕೇಳದೆಯೇ ಆ ಕಡೆ ಬಾಗಿದವು. ಶಿಕ್ಕಾ ಅಂತೂ ಇಲ್ಲ, ಇನ್ನು ನಡೆದರೇನು ಬಿಟ್ಟರೇನು ಎಂದು ಅವು ಹೇಳಿದವು. ಆದರೆ ಪೂರ್ತಿ ಸುತ್ತು ಎಂದು ಮಗಳು ಹೇಳಿದ್ದಳು. ನಾನು ದಾರಿಯ ಪಕ್ಕದ ಬೇಲಿಯ ಗೂಟವನ್ನು ತಬ್ಬಿ ಹಿಡಿದುಕೊಂಡೆ. ಅವನು ಎಳೆಯಲಾರ, ಬಿಡಲಾರ. ಚಂದಮ್ಮ ಆ ಕಡೆ ಒಬ್ಬರೇ, ನಾನು ಈ ಕಡೆ ಒಬ್ಬಳೇ; ಗಾಡಿ ಒಂದೇ. ಕೊನೆಗೆ ಗಾಡಿಯಿಂದ ಕೆಂಪು ಕೆನ್ನೆಯ ದಪ್ಪ ಹೆಂಗಸೊಬ್ಬಳು ಉಸ್ಸೆಂದು ಇಳಿದಳು. ಎದೆ ಮುಟ್ಟಿಕೊಂಡು "ಡೋರಾ" ಎಂದಳು. ಗಾಡಿ ಬೀಗತಿಯ ಹಿಂದೆ ಹೋಯಿತು. ಡೋರಾ ನನ್ನ ಸಂಗಡ ನಡೆದಳು.

ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ನಿಲ್ಲಿಸದೆ ಮಾತಾಡಿದೆವು. ಅವಳಿಗೆ ನಾಲ್ಕು ಮೊಮ್ಮಕ್ಕಳು ಎಂದು ಬೆರಳಿನಿಂದ ತಿಳಿಯಿತು. ನಾನು ಒಂದು ಬೆರಳೆತ್ತಿ, ಆಮೇಲೆ ಗೇಣು ಮಾಡಿ ತೋರಿಸಿ, ಗಾಳಿಯಲ್ಲಿ ಪೆಟ್ಟಿಗೆ ಬರೆದು ತೋರಿಸಿದೆ. ಅವಳು ಅಲ್ಲಿಯೇ ನಿಂತು ನನ್ನ ಗೇಣನ್ನು ತನ್ನ ಕೈಯಿಂದ ಮುಚ್ಚಿದಳು. ಅವಳಿಗೆ ತಿಳಿದಿತ್ತು.

ಮೂರನೆಯ, ಎರಡನೆಯ, ಒಂದನೆಯ ಡೇರೆ ಇದ್ದ ಕಡೆ ತುಳಿದ ಹುಲ್ಲು ಮಾತ್ರ ಇತ್ತು. ಪ್ರತಿಯೊಂದರ ಹತ್ತಿರ ನಾನು ನಿಂತು ಕಾರ್ಡನ್ನು ಹುಲ್ಲಿಗೆ ತೋರಿಸಿದೆ. ಡೋರಾ ನಕ್ಕಳು. ನನಗೆ ನಗು ಬರಲಿಲ್ಲ.

ಸೀಟಿಯ ಮುದುಕ

ಬಾವುಟ ಕಂಡ ಕೂಡಲೇ ನನಗೆ ಎಲ್ಲಿಂದಲೋ ಕಸುವು ಬಂತು. ಡೋರಾಳನ್ನು ಹಿಂದೆ ಬಿಟ್ಟು ಓಡೋಡಿ ಹೋಗಿ ಸೀಟಿಯ ಮುದುಕನ ಕೈಗೆ ಕಾರ್ಡು ಕೊಟ್ಟೆ. ಚಂದಮ್ಮ ಮೊದಲೇ ಬಂದು ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದರು. ಮುದುಕ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಆರು, ಐದು, ನಾಲ್ಕು ಇವೆ. ಮೂರು, ಎರಡು, ಒಂದು ಇಲ್ಲ. ಅರ್ಧ ದಾರಿ ಹೋಗಿ ಯಾರದೋ ಗಾಡಿಯಲ್ಲಿ ಬಂದಳು ಎಂದು ತಿಳಿದಿರಬೇಕು. ತಲೆ ಅಲ್ಲಾಡಿಸಿ "ಸಾರಿ" ಎಂದ.

ಆ ಒಂದು ಇಂಗ್ಲಿಷ್ ಮಾತು ನನಗೆ ಗೊತ್ತಿತ್ತು. ಕೂಸನ್ನು ಗಾಡಿಗೆ ಹತ್ತಿಸಿದ ದಿನ ಅದರ ಅಪ್ಪನಿಗೆ ಎಲ್ಲರೂ ಅದನ್ನೇ ಹೇಳಿದ್ದರು. ನಾನು ಅಲ್ಲೇ ಕುಸಿದು ಕುಳಿತೆ.

ಚಂದಮ್ಮ ಕಂಬಳಿ ಕಿತ್ತೊಗೆದು ಎದ್ದರು. "ನೋ ಸಾರಿ!" ಎಂದು ಮುದುಕನ ಮುಂದೆ ಬೆರಳು ಆಡಿಸಿದರು. "ಐ ಸೀ! ಬ್ರಿಜ್! ರೊಟ್ಟಿ ಈಟ್! ಶೀ ಗೋ ದಿಸ್, ಐ ಗೋ ದಟ್! ಮೈ ಬೀಗತಿ ನೋ ಸುಳ್ಳು!" ಅಳಿಯನ ಟಿವಿ ನೋಡಿ ಕಲಿತ ಇಂಗ್ಲಿಷ್ ಅಷ್ಟೇ ಇತ್ತು, ಮುಗಿದ ಮೇಲೆ ಕನ್ನಡಕ್ಕೆ ಬಂದರು. "ಮುಂಜಾನಿಂದ ಒಂದು ಕೂಸಿನ ಸಲುವಾಗಿ ಕಾಲು ಸವಸ್ಯಾಳ, ಮೀಸಿ ಹೊತ್ತಿ, ಕಣ್ಣಿಲ್ಲೇನು ನಿನಗ?"

ಮುದುಕ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ತಲೆ ಅಲ್ಲಾಡಿಸಿದ. ಬೀಗತಿ ನೋಡಿದ್ದು ಸೇತುವೆಯವರೆಗೆ ಮಾತ್ರ.

ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಡೋರಾ ಕಾಣಿಸಿದಳು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕುಂಟುತ್ತಾ, ಏದುಸಿರು ಬಿಡುತ್ತಾ ಬಂದಳು. ಮುದುಕನಿಗೆ ಏನೋ ಗದರಿದಳು. ಆಗಲೇ ಬಂದು ನಿಂತಿದ್ದ ಬಿಳಿ ಗಾಡಿಯ ಹಿಂಬಾಗಿಲು ತೆರೆದು, ಮೇಜುಗಳ ನಡುವೆ ಕೈ ಹಾಕಿ, ಒಂದು ತಗಡಿನ ಡಬ್ಬಿ ತೆಗೆದಳು. ಅದರಲ್ಲಿ ಮೊದಲ ಮೂರು ಡೇರೆಗಳ ಶಿಕ್ಕಾ. ನನ್ನ ಕಾರ್ಡನ್ನು ಮುದುಕನ ಬೆನ್ನ ಮೇಲೆಯೇ ಇಟ್ಟು, ಮೂರು, ಎರಡು, ಒಂದು ಎಂದು ಧಪ ಧಪ ಧಪ ಒತ್ತಿದಳು. ಅವನು ಬಾಗಿ ನಿಂತುಕೊಂಡು ಒತ್ತಿಸಿಕೊಂಡ. ಆಮೇಲೆ ನೆಟ್ಟಗಾಗಿ, ನನ್ನೊಬ್ಬಳಿಗಾಗಿ ಇನ್ನೊಂದು ಸಲ ಸೀಟಿ ಊದಿದ.

ಮರುದಿನ ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಾಣಂತನ ಮಾಡಲು ಹೋದ ನನಗೆ ಬಾಣಂತಿ ಮಗಳು ಬಂದು ಕಾಲಿಗೆ ಎಣ್ಣೆ ತಿಕ್ಕಿದಳು. ಅವಳಿಗೆಂದು ಊರಿನಿಂದ ಒಯ್ದ ಅಂಟಿನುಂಡಿಯನ್ನು ಬೀಗತಿಯರಿಬ್ಬರೇ ತಿಂದು ಮುಗಿಸಿದೆವು.

ಮೂರನೆಯದು

ಮೂರು ವಾರಕ್ಕೆ ಮೊಮ್ಮಗಳು ಗಾಜಿನಿಂದ ಹೊರಗೆ ಬಂದಳು. ಅವಳನ್ನು ನನ್ನ ಮಡಿಲಿಗೆ ಹಾಕಿದಾಗಿನ ಸುದ್ದಿ ಬರೆಯಹೋದರೆ ಈ ಕಾಗದ ಸಾಲದು. ನಳಿಕೆ ತೆಗೆದ ಮೇಲೆ ಮೂಗು ಕಂಡಿತು. ಜೇವರ್ಗಿಯದೇ. ನಾನು ಒಪ್ಪಿಕೊಂಡೆ. ನಡೆಯುವ ಮೊದಲಾಗಿದ್ದರೆ ಒಪ್ಪುತ್ತಿರಲಿಲ್ಲ.

ನಾವು ಊರಿಗೆ ಮರಳುವ ವಾರ ದವಾಖಾನೆಗೆ ಹೊಸ ಪೆಟ್ಟಿಗೆ ಬಂತು. ನಡೆದವರನ್ನೆಲ್ಲ ನೋಡಲು ಕರೆದಿದ್ದರು. ಚಹಾ, ಬಿಸ್ಕತ್ತು. ಪೆಟ್ಟಿಗೆಯೊಳಗೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದರು. ಪರದೆಯ ಆಚೆ ಹಳೆಯ ಎರಡರಲ್ಲೂ ಬೇರೆ ಕೂಸುಗಳಿದ್ದವು. ನಾನು ಮೊಮ್ಮಗಳನ್ನು ಎತ್ತಿಕೊಂಡು, ಸಿಕ್ಕಸಿಕ್ಕವರಿಗೆಲ್ಲ ಅವಳ ಕೈಕಾಲು ಬಿಚ್ಚಿ ತೋರಿಸುತ್ತಿದ್ದೆ. ಕೆಲವರಿಗೆ ಎರಡೆರಡು ಸಲ ತೋರಿಸಿದೆ. ಅವರ ಮುಖಗಳೆಲ್ಲ ನನಗೆ ಒಂದೇ ಥರ ಕಂಡವು.

ಆಗ ಫೋನು ಹೊಡೆಯಿತು. ಹಿರಿಯ ನರ್ಸ್ ಕೇಳಿಸಿಕೊಂಡು ಜಗದೇವಿಯ ಕಡೆ ನೋಡಿದಳು. ರಜೆಯಲ್ಲಿದ್ದ ನನ್ನ ಮಗಳು ಚಹಾದ ಬಟ್ಟಲು ಕೆಳಗಿಟ್ಟು, ಕೈ ತೊಳೆಯಲು ಹೋದಳು. ಬಿಸ್ಕತ್ತಿನ ಮೇಜನ್ನು ಬದಿಗೆ ತಳ್ಳಿದರು. ನಮ್ಮನ್ನೆಲ್ಲ ಹೊರಗೆ ಹೋಗಿ ಎಂದರು. ಬಾಗಿಲು ಮುಚ್ಚುವ ಮೊದಲು ನಾನು ಕಂಡೆ, ಜಗದೇವಿ ಒಂದು ಗುಂಡಿ ಒತ್ತಿದಳು, ಹೊಸ ಪೆಟ್ಟಿಗೆಯೊಳಗೆ ದೀಪ ಹತ್ತಿತು.

ಓಣಿಯಂಥ ಆ ಉದ್ದನೆಯ ಹಾದಿಯಲ್ಲಿ ಮೂರು ಮಂದಿ ಓಡುತ್ತಾ ಬಂದರು. ನಡುವಿನವಳ ಕೈಯಲ್ಲಿ ಬಟ್ಟೆಯ ಸಣ್ಣ ಗಂಟು. ನಾವು ಬೀಗತಿಯರಿಬ್ಬರೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆವು. ಗಂಟು ನಮ್ಮ ಮುಂದೆಯೇ ಹಾದು ಬಾಗಿಲಿನೊಳಗೆ ಹೋಯಿತು.

"ಗಂಡೋ ಹೆಣ್ಣೋ, ಕೇಳಬೇಕಿತ್ತು," ಎಂದರು ಚಂದಮ್ಮ.

ಕೆಳಗೆ ಅಂಗಳದಲ್ಲಿ ದೊಡ್ಡ ಊರಿಗೆ ಹೋಗುವ ಗಾಡಿ ನಿಂತಿತ್ತು. ಇಬ್ಬರೂ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಅದನ್ನೇ ನೋಡಿದೆವು. ಅದರ ಡ್ರೈವರ್ ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಚಹಾ ಕುಡಿಯಲು ಹೋದ.